ನಡೆದು ಬಂದರೆ ಒಂದು ಬ್ಯಾಡ್ಜ್

ಬ್ರಿಟನ್ನಿನ ಬಹಳಷ್ಟು ಪ್ರಾಥಮಿಕ ಶಾಲೆಗಳಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಮಕ್ಕಳು ತರಗತಿಗೆ ಬಂದ ಕೂಡಲೇ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ತಮ್ಮ ಹೆಸರು ಹುಡುಕಿ, ಇವತ್ತು ಹೇಗೆ ಬಂದೆ ಅಂತ ಗುರುತು ಹಾಕಬೇಕು. ನಡೆದು ಬಂದೆನಾ, ಸೈಕಲ್ಲಾ, ಸ್ಕೂಟರಾ (ಒಂದು ಕಾಲಿನಲ್ಲಿ ತಳ್ಳಿಕೊಂಡು ಹೋಗುವ ಆಟದ ಸ್ಕೂಟರ್, ನಮ್ಮ ಬಜಾಜ್ ಅಲ್ಲ), ಬಸ್ಸಾ, ಕಾರಾ. ವಾರಕ್ಕೊಂದು ಸಲವಾದರೂ ನಡೆದು ಬಂದವರಿಗೆ ತಿಂಗಳ ಕೊನೆಗೆ ಒಂದು ಬ್ಯಾಡ್ಜ್. ಪ್ರತಿ ತಿಂಗಳೂ ಬೇರೆ ಚಿತ್ರ. ಆ ಚಿತ್ರಗಳನ್ನು ಬರೆಯುವವರೂ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳೇ.

ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ನಡೆದಿದ್ದಕ್ಕೆ ಬ್ಯಾಡ್ಜಾ? ನಮ್ಮಪ್ಪ ಹೋಗ್ತಾ ಮೂರು, ಬರ್ತಾ ಮೂರು, ದಿನಕ್ಕೆ ಆರು ಮೈಲಿ ನಡೆದು ಹೈಸ್ಕೂಲು ಮುಗಿಸಿದವರು. ಈ ಲೆಕ್ಕದಲ್ಲಿ ಅವರಿಗೆ ಒಂದು ಗೋಣಿಚೀಲದ ತುಂಬ ಬ್ಯಾಡ್ಜ್ ಬರಬೇಕಿತ್ತು :-) ನಿಮ್ಮಲ್ಲೂ ಹಲವರ ಮನೆಯಲ್ಲಿ ಇಂಥ ಕಥೆ ಇದ್ದೇ ಇರುತ್ತದೆ. ಮೊಮ್ಮಕ್ಕಳಿಗೆ ಹೇಳುವಾಗ ಆರು ಮೈಲಿ ಹತ್ತಾಗುವುದೂ ಉಂಟು.

ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಮಗು ನಡೆಯುವುದು ಉಸಿರಾಡಿದಷ್ಟೇ ಸಹಜ ಅನ್ನುವ ಕಾಲದಿಂದ, ನಡೆದರೆ ಲೆಕ್ಕ ಇಟ್ಟು ಬಹುಮಾನ ಕೊಡಬೇಕು ಅನ್ನುವ ಕಾಲಕ್ಕೆ ನಾವು ಬಂದಿದ್ದು ಹೇಗೆ? ಹಾಗೆ ಕೊಟ್ಟಾಗ ಮಕ್ಕಳು ನಿಜವಾಗಿ ನಡೆದರಾ? ಕೆಲವು ವಾರಾಂತ್ಯ ಇದರ ಹಿಂದೆಯೇ ಬಿದ್ದಿದ್ದೆ. ಸಿಕ್ಕಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ಜತೆಗಿಟ್ಟುಕೊಂಡು ಓದಿ.

*

ಹೆಜ್ಜೆ ಎಣಿಸುವ ಕಥೆ ಶುರುಮಾಡಬೇಕಾದರೆ ನನಗೆ ಮೊದಲು ನೆನಪಾಗುವುದು ಒಬ್ಬ ಶಾಲಾ ಮೇಷ್ಟ್ರು. ಹೆಸರು ನೈನ್ ಸಿಂಗ್ ರಾವತ್. ಕುಮಾಊಂ ಬೆಟ್ಟಗಳ ಮಿಲಂ ಕಣಿವೆಯವರು. ಬ್ರಿಟಿಷರ ಸರ್ವೆ ಇಲಾಖೆಗೆ ಟಿಬೆಟ್ಟಿನ ನಕ್ಷೆ ಬೇಕಿತ್ತು, ಆದರೆ ಬಿಳಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಾಗಾಗಿ ಈ ಮೇಷ್ಟ್ರಿಗೆ ಡೆಹ್ರಾಡೂನಿನಲ್ಲಿ ತರಬೇತಿ ಕೊಟ್ಟರು. ಹತ್ತುವಾಗ, ಇಳಿಯುವಾಗ, ಬಯಲಿನಲ್ಲಿ... ಎಲ್ಲಿ ನಡೆದರೂ ಹೆಜ್ಜೆಯ ಅಳತೆ ಒಂದೇ ಇರಬೇಕು! ಕೈಯಲ್ಲಿ ಜಪಮಾಲೆ, ಅದರಲ್ಲಿ ಎಲ್ಲರ ಮಾಲೆಯಲ್ಲಿರುವಂತೆ 108 ಮಣಿ ಅಲ್ಲ, ಸರಿಯಾಗಿ 100. ನೂರು ಹೆಜ್ಜೆಗೆ ಒಂದು ಮಣಿ ಸರಿಸಬೇಕು. ನೋಡುವವರಿಗೆ ಯಾರೋ ಭಕ್ತ ಜಪ ಮಾಡುತ್ತ ಹೋಗುತ್ತಿದ್ದಾನೆ ಅನ್ನಿಸಬೇಕು. ಲೆಕ್ಕ ಬರೆದ ಕಾಗದ ಪ್ರಾರ್ಥನಾ ಚಕ್ರದ ಒಳಗೆ. ಹೀಗೆ 1865ರಲ್ಲಿ ಹೊರಟು, 1866ರ ಜನವರಿಯಲ್ಲಿ ಅವರು ಲ್ಹಾಸಾ ಮುಟ್ಟಿದರು. ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1877ರಲ್ಲಿ ಅವರಿಗೆ ಚಿನ್ನದ ಪದಕ ಕೊಟ್ಟಿತು.

ಲೆಕ್ಕ ಹಾಕಿ ನೋಡಿ. ನೂರು ಮಣಿ, ಮಣಿಗೆ ನೂರು ಹೆಜ್ಜೆ. ಮಾಲೆ ಒಂದು ಸುತ್ತು ಬಂದರೆ ಹತ್ತು ಸಾವಿರ ಹೆಜ್ಜೆ. ಇವತ್ತು ನಮ್ಮೆಲ್ಲರ ಫೋನು, ವಾಚುಗಳು ದಿನಕ್ಕೆ ಇಷ್ಟು ನಡಿ ಅಂತ ಹೇಳುವ ಅದೇ ಸಂಖ್ಯೆ! ಎರಡಕ್ಕೂ ಸಂಬಂಧವಿಲ್ಲ, ಬರೀ ಕಾಕತಾಳೀಯ. ಒಂದು ವ್ಯತ್ಯಾಸ ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನೈನ್ ಸಿಂಗರು ಹೆಜ್ಜೆ ಎಣಿಸಿದ್ದು ದಾರಿಯನ್ನು ತಿಳಿಯುವುದಕ್ಕೆ, ತಮ್ಮನ್ನು ಅಳೆದುಕೊಳ್ಳುವುದಕ್ಕಲ್ಲ.

ಫೋನಿನ ಹತ್ತು ಸಾವಿರ ಬಂದಿದ್ದು ಜಪಾನಿನಿಂದ. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ನಡೆಯಿತು. ದೇಶದಲ್ಲಿ ಆರೋಗ್ಯ, ವ್ಯಾಯಾಮದ ಬಗ್ಗೆ ಎಲ್ಲರೂ ಮಾತಾಡುತ್ತಿದ್ದ ಸಮಯ. ಮರುವರ್ಷ, 1965ರಲ್ಲಿ, ಯಮಾಸಾ ಅನ್ನುವ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಯಂತ್ರ ಮಾರಾಟಕ್ಕೆ ತಂದಿತು. ಹೆಸರು ಮನ್‌ಪೊ-ಕೇ. ಮನ್ ಅಂದರೆ ಹತ್ತು ಸಾವಿರ, ಪೊ ಅಂದರೆ ಹೆಜ್ಜೆ, ಕೇ ಅಂದರೆ ಮೀಟರು. ಹತ್ತು ಸಾವಿರ ಹೆಜ್ಜೆಯ ಮೀಟರ್! ಸಂಖ್ಯೆ ದುಂಡಗಿದೆ, ಬಾಯಲ್ಲಿ ಕೂರುತ್ತದೆ, ಅಂಗಡಿಯಲ್ಲಿ ಕೇಳುವುದಕ್ಕೆ ಸುಲಭ. ವಾಕಿಂಗ್ ಕ್ಲಬ್ಬುಗಳು ಅದನ್ನು ಎತ್ತಿಕೊಂಡವು. ಅಲ್ಲಿಂದ ಅದು ಜಗತ್ತಿನ ಎಲ್ಲ ವೈದ್ಯರ ಬಾಯಿಗೂ ಬಂತು.

ಆ ಸಂಖ್ಯೆಯನ್ನು ಸರಿಯಾಗಿ ಪರೀಕ್ಷೆಗೆ ಒಡ್ಡಿದ್ದು ತೀರಾ ಈಚೆಗೆ. 2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಮತ್ತು ಜತೆಗಾರರು ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರ ಹೆಜ್ಜೆ ಅಳೆದು ನೋಡಿದರು. ದಿನಕ್ಕೆ 4,400 ಹೆಜ್ಜೆಯ ಸುಮಾರಿಗೇ ಸಾವಿನ ಅಪಾಯ ಸ್ಪಷ್ಟವಾಗಿ ಇಳಿದಿತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ ಹತ್ತು ಸಾವಿರ ಕೆಟ್ಟ ಗುರಿಯಲ್ಲ, ಆದರೆ ಅದು ವಿಜ್ಞಾನಕ್ಕಿಂತ ಮೊದಲು ಅಂಗಡಿಯಿಂದ ಬಂದ ಗುರಿ.

*

ಈಗ ಮಕ್ಕಳ ವಿಷಯಕ್ಕೆ ಬರೋಣ. 1990ರಲ್ಲಿ ಇಂಗ್ಲೆಂಡಿನಲ್ಲಿ 'ಒನ್ ಫಾಲ್ಸ್ ಮೂವ್' ಅನ್ನುವ ಒಂದು ವರದಿ ಬಂತು. ಮೇಯರ್ ಹಿಲ್‌ಮನ್, ಜಾನ್ ಆಡಮ್ಸ್, ಜಾನ್ ವೈಟ್‌ಲೆಗ್ ಅನ್ನುವ ಮೂವರು ಬರೆದದ್ದು. ಅವರು ಕೇಳಿದ ಪ್ರಶ್ನೆ ಸರಳ: ಏಳೆಂಟು ವರ್ಷದ ಮಕ್ಕಳಲ್ಲಿ ಎಷ್ಟು ಜನ ದೊಡ್ಡವರ ಜತೆಯಿಲ್ಲದೆ ಶಾಲೆಗೆ ಹೋಗುತ್ತಾರೆ? 1971ರಲ್ಲಿ ನೂರಕ್ಕೆ 80. 1990ರಲ್ಲಿ ನೂರಕ್ಕೆ 9. ಇನ್ನೊಂದು ಸಲ ಓದಿ, ತಪ್ಪಾಗಿ ಟೈಪ್ ಮಾಡಿಲ್ಲ. ಬರೀ ಹತ್ತೊಂಬತ್ತು ವರ್ಷಗಳಲ್ಲಿ!

ವರದಿಯ ಹೆಸರು ಬಂದಿದ್ದು ಸರಕಾರದ ಒಂದು ರಸ್ತೆ ಸುರಕ್ಷತಾ ಪೋಸ್ಟರಿನಿಂದ. ಒಂದು ಹೆಜ್ಜೆ ತಪ್ಪಿದರೆ ಸತ್ತೆ ಅಂತ ಮಕ್ಕಳನ್ನು ಹೆದರಿಸುವ ಪೋಸ್ಟರು. ಸರಕಾರ ಆಗ ಹೆಮ್ಮೆಯಿಂದ ಹೇಳುತ್ತಿದ್ದ ಮಾತು ಏನೆಂದರೆ, ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಇಳಿದಿದೆ, ರಸ್ತೆಗಳು ಸುರಕ್ಷಿತವಾಗಿವೆ ಅಂತ. ಈ ಮೂವರ ಉತ್ತರ: ರಸ್ತೆ ಸುರಕ್ಷಿತವಾಗಿಲ್ಲ, ಮಕ್ಕಳನ್ನು ರಸ್ತೆಯಿಂದ ತೆಗೆದುಬಿಟ್ಟಿದ್ದೀರಿ ಅಷ್ಟೆ. ಹುಲಿ ಇರುವ ಕಾಡಿಗೆ ಯಾರೂ ಹೋಗದೇ ಇದ್ದರೆ ಹುಲಿ ಯಾರನ್ನೂ ತಿನ್ನುವುದಿಲ್ಲ, ಹಾಗಂತ ಹುಲಿ ಸಾಧುವಾಯಿತು ಅನ್ನಲಾದೀತೇ?

ಅಮೆರಿಕದ ಕಥೆಯೂ ಇದೇ. 1969ರಲ್ಲಿ ಪ್ರಾಥಮಿಕ, ಮಾಧ್ಯಮಿಕ ಶಾಲೆ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ನಡೆದೋ ಸೈಕಲ್ಲಿನಲ್ಲೋ ಶಾಲೆಗೆ ಹೋಗುತ್ತಿದ್ದರು. 2009ರ ಹೊತ್ತಿಗೆ ಅದು ನೂರಕ್ಕೆ 13. ಶಾಲೆಗಳು ಊರ ಹೊರಗಿನ ಅಗ್ಗದ ದೊಡ್ಡ ಜಾಗಗಳಿಗೆ ಹೋದವು, ಮನೆಗೆರಡು ಕಾರು ಬಂದವು, ಎಲ್ಲರೂ ಕಾರಿನಲ್ಲಿ ಬಿಡುವುದರಿಂದ ಶಾಲೆಯ ಮುಂದೆ ಅಪಾಯ ಹೆಚ್ಚಿತು, ಅಪಾಯ ಹೆಚ್ಚಿತು ಅಂತ ಉಳಿದವರೂ ಕಾರು ತಂದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಕ್ಕಾ ಇನ್‌ಫಿನಿಟ್ ಲೂಪ್.

*

ಈ ಲೂಪ್ ಮುರಿಯುವುದು ಹೇಗೆ? ಒಂದೊಂದು ಕಡೆ ಒಂದೊಂದು ಉಪಾಯ ಹುಟ್ಟಿತು.

ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದಲ್ಲಿ 'ನಡೆಯುವ ಬಸ್ಸು' ಅನ್ನುವ ಕಲ್ಪನೆ ಕೊಟ್ಟರು. ಬಸ್ಸೂ ಇಲ್ಲ, ಡ್ರೈವರೂ ಇಲ್ಲ. ಮುಂದೆ ಒಬ್ಬ ದೊಡ್ಡವರು, ಹಿಂದೆ ಒಬ್ಬರು, ಮಧ್ಯೆ ಮಕ್ಕಳ ಸಾಲು. ಗೊತ್ತಾದ ದಾರಿ, ಗೊತ್ತಾದ ಸಮಯ, ದಾರಿಯಲ್ಲಿ ಸ್ಟಾಪುಗಳು. ಮಕ್ಕಳು ತಮ್ಮ ಸ್ಟಾಪಿನಲ್ಲಿ ಬಂದು ಸೇರಿಕೊಳ್ಳುವುದು. ಇಂಗ್ಲೆಂಡಿನ ಮೊದಲ ಇಂಥ ಬಸ್ಸು 1998ರಲ್ಲಿ ಹರ್ಟ್‌ಫರ್ಡ್‌ಶೈರಿನ ಸೇಂಟ್ ಆಲ್ಬನ್ಸಿನಲ್ಲಿ ಹೊರಟಿತು. ಇಟಲಿಯ ಲೆಕ್ಕೊ ಊರಿನವರು 2003ರಿಂದ 'ಪಿಯೆದಿಬುಸ್' ಅಂತ ಇದನ್ನೇ ನಡೆಸಿಕೊಂಡು ಬಂದರು. ಚೆಂದದ ಉಪಾಯ. ಕಷ್ಟ ಒಂದೇ, ದಿನಾ ಬೆಳಿಗ್ಗೆ ಬರುವ ಅಪ್ಪ ಅಮ್ಮ ಬೇಕು. ಉತ್ಸಾಹದ ಒಬ್ಬರಿಬ್ಬರು ಕೈಬಿಟ್ಟರೆ ಬಸ್ಸು ಕೆಟ್ಟು ನಿಲ್ಲುತ್ತಿತ್ತು.

ಬ್ಯಾಡ್ಜಿನ ಯೋಜನೆ ನಡೆಸುವುದು ಲಿವಿಂಗ್ ಸ್ಟ್ರೀಟ್ಸ್ ಅನ್ನುವ ಸಂಸ್ಥೆ. 1929ರಲ್ಲಿ ಪಾದಚಾರಿಗಳ ಸಂಘ ಅಂತ ಶುರುವಾಗಿ 2001ರಲ್ಲಿ ಹೆಸರು ಬದಲಿಸಿಕೊಂಡದ್ದು. ಇವರ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ವಿಷಯ. ಮನೆ ದೂರವಿದ್ದವರು ಕಾರನ್ನು ಶಾಲೆಯಿಂದ ಹತ್ತು ನಿಮಿಷದ ದೂರದಲ್ಲಿ ನಿಲ್ಲಿಸಿ ಅಲ್ಲಿಂದ ನಡೆದರೆ ಅದಕ್ಕೂ ಲೆಕ್ಕವಿದೆ. ಇದರಿಂದ ಶಾಲೆಯ ಗೇಟಿನ ಮುಂದಿನ ಕಾರಿನ ಜಾತ್ರೆಯಾದರೂ ಕಡಿಮೆಯಾಗುತ್ತದೆ.

ನಮ್ಮ ಜಾತಿಯವರು, ಅಂದರೆ ಸಾಫ್ಟ್‌ವೇರಿನವರು, ಕೈ ಹಾಕದೆ ಬಿಡುತ್ತಾರಾ? ಅಮೆರಿಕದ ಕೊಲೊರಾಡೊದ ಬೋಲ್ಡರ್ ಊರಿನಲ್ಲಿ 2000ರ ದಶಕದ ಮಧ್ಯದಲ್ಲಿ ಫ್ರೈಕರ್ ಅನ್ನುವ ಯೋಜನೆ ಶುರುವಾಯಿತು. ಸೈಕಲ್ಲಿನಲ್ಲಿ ಬರುವ ಮಕ್ಕಳ ಹೆಲ್ಮೆಟ್ಟಿಗೆ ಒಂದು ಆರ್.ಎಫ್.ಐ.ಡಿ. ಚಿಪ್. ಶಾಲೆಯ ಹತ್ತಿರ ಕಂಬದ ಮೇಲೆ ಬಿಸಿಲಿನಿಂದಲೇ ಓಡುವ ಒಂದು ಪೆಟ್ಟಿಗೆ. ಮಗು ಅದರ ಕೆಳಗೆ ಹಾದರೆ ಬೀಪ್ ಅನ್ನುತ್ತದೆ, ಲೆಕ್ಕ ತಾನಾಗಿಯೇ ಇಂಟರ್‌ನೆಟ್ಟಿಗೆ ಹೋಗುತ್ತದೆ, ಇಷ್ಟು ದಿನ ಬಂದರೆ ಇಂಥ ಬಹುಮಾನ. ಮುಂದೆ ಇದು ಬೋಲ್ಟೇಜ್ ಅಂತಾಯಿತು, ನಡೆದು ಬರುವ ಮಕ್ಕಳೂ ಸೇರಿದರು. ಇಂಗ್ಲೆಂಡಿನ ರೆಡಿಂಗ್ ಪಕ್ಕದಲ್ಲಿ ವಿಲಿಯಂ ಬರ್ಡ್ ಅನ್ನುವ ವೈದ್ಯರು ಇಡೀ ಊರನ್ನೇ ಆಟದ ಬೋರ್ಡು ಮಾಡಿಬಿಟ್ಟರು. 'ಬೀಟ್ ದ ಸ್ಟ್ರೀಟ್' ಅಂತ ಹೆಸರು. ಬೀದಿದೀಪದ ಕಂಬಗಳಿಗೆ ಪೆಟ್ಟಿಗೆಗಳು, ಮಕ್ಕಳ ಕೈಯಲ್ಲಿ ಕಾರ್ಡು. ಒಂದು ಪೆಟ್ಟಿಗೆಗೆ ಮುಟ್ಟಿಸಿ, ಮುಂದಿನದಕ್ಕೆ ನಡೆದು ಹೋಗಿ ಮುಟ್ಟಿಸಿದರೆ ನಿಮ್ಮ ಶಾಲೆಗೆ ಅಂಕ.

ಆಟಿಕೆಯವರೂ ಹಿಂದೆ ಬೀಳಲಿಲ್ಲ. 1998ರಲ್ಲಿ ಜಪಾನಿನ ನಿಂಟೆಂಡೊ ಪಾಕೆಟ್ ಪಿಕಾಚು ತಂದಿತು. ಜೇಬಿನಲ್ಲಿಟ್ಟುಕೊಂಡು ನಡೆದರೆ ಅಂಕ ಸೇರುತ್ತದೆ, ಅದನ್ನು ಪಿಕಾಚುವಿಗೆ ಉಡುಗೊರೆ ಕೊಟ್ಟರೆ ಅದು ಖುಷಿಪಡುತ್ತದೆ. (ಕೂತಲ್ಲೇ ಅಲ್ಲಾಡಿಸಿದರೂ ಖುಷಿಪಡುತ್ತದೆ ಅಂತ ಮಕ್ಕಳು ಬೇಗನೆ ಕಂಡುಹಿಡಿದರು.) 2015ರಲ್ಲಿ ಯುನಿಸೆಫಿನ ಅಮೆರಿಕ ಶಾಖೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಾಸ್ಟನ್, ಡಲ್ಲಾಸ್, ನ್ಯೂಯಾರ್ಕ್ ಶಾಲೆಗಳ ಮಕ್ಕಳ ಕೈಗೆ ಹೆಜ್ಜೆ ಎಣಿಸುವ ಬಳೆ. ಅಲ್ಲಿ ಅವರು ನಡೆದು ಗಳಿಸಿದ ಅಂಕಕ್ಕೆ ಬೇರೆ ದೇಶದ ಅಪೌಷ್ಟಿಕ ಮಗುವಿಗೆ ಆಹಾರದ ಪ್ಯಾಕೆಟ್ ಹೋಗುತ್ತಿತ್ತು. ಒಳ್ಳೆಯ ಉದ್ದೇಶವೇ. ಆದರೂ ಓದಿದಾಗ ಹೊಟ್ಟೆಯೊಳಗೆ ಏನೋ ಮುರಿದಂತಾಯಿತು. ಒಂದು ಕಡೆ ಹೊಟ್ಟೆ ತುಂಬಿದ ಮಗುವನ್ನು ನಡೆಸಲು ಉಪಾಯ ಹುಡುಕುತ್ತಿದ್ದೇವೆ, ಇನ್ನೊಂದು ಕಡೆ ಊಟಕ್ಕಿಲ್ಲದ ಮಗು ನೀರಿಗೋ ಸೌದೆಗೋ ಮೈಲಿಗಟ್ಟಲೆ ನಡೆಯುತ್ತಿದೆ. ಅದರ ಹೆಜ್ಜೆ ಯಾವ ಬಳೆಯೂ ಎಣಿಸುವುದಿಲ್ಲ.

*

ಸರಿ, ಇಷ್ಟೆಲ್ಲ ಮಾಡಿ ಮಕ್ಕಳು ನಡೆದರಾ?

ನಡೆದರು. ಬಹುಮಾನ ಇರುವಷ್ಟು ದಿನ.

ಇದಕ್ಕೆ ಹಳೆಯ ಒಂದು ಪ್ರಯೋಗ ನೋಡಬೇಕು. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾಡಿದ್ದು. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದು ಮೊದಲೇ ಇಷ್ಟವಿದ್ದ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ, ಚಿತ್ರ ಬರೆದರೆ ಚಿನ್ನದ ನಕ್ಷತ್ರ ಅಂಟಿಸಿದ, ರಿಬ್ಬನ್ ಕಟ್ಟಿದ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರದ ನಂತರ ಮತ್ತೆ ಪೆನ್ನುಗಳನ್ನು ಮಧ್ಯೆ ಇಟ್ಟು ಸುಮ್ಮನೆ ನೋಡುತ್ತ ಕೂತರು. ಬಹುಮಾನದ ಒಪ್ಪಂದ ಮಾಡಿಕೊಂಡಿದ್ದ ಮಕ್ಕಳು ಚಿತ್ರ ಬರೆದ ಹೊತ್ತು ಉಳಿದವರ ಅರ್ಧದಷ್ಟು! ಆಟವಾಗಿದ್ದದ್ದು ಕೂಲಿಯಾಗಿಬಿಟ್ಟಿತ್ತು. ಕೂಲಿ ನಿಂತಿತು, ಕೆಲಸವೂ ನಿಂತಿತು. ಹೇಳದೆ ಕೊಟ್ಟ ಬಹುಮಾನದಿಂದ ಮಾತ್ರ ಏನೂ ಕೆಡಲಿಲ್ಲ.

ನೀವು ಕೇಳಬಹುದು, ಚಿತ್ರ ಬರೆಯುವುದು ಬೇರೆ, ನಡೆಯುವುದು ಬೇರೆ ಅಂತ. ಮೊದಲೇ ನಡೆಯದ ಮಗುವಿನಲ್ಲಿ ಕೆಡುವುದಕ್ಕೆ ಆಸಕ್ತಿಯಾದರೂ ಎಲ್ಲಿದೆ? ನ್ಯಾಯವಾದ ಪ್ರಶ್ನೆ. ಇದಕ್ಕೆ ಹತ್ತಿರದ ಉತ್ತರ ಸಿಕ್ಕಿದ್ದು ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ. ಇಲ್ಲಿನ ಸಂಶೋಧಕರು ಬಹುಮಾನದ ವಿರೋಧಿಗಳಲ್ಲ. ಮಕ್ಕಳಿಗೆ ಹಣ್ಣು ತರಕಾರಿ ತಿನ್ನಿಸುವುದಕ್ಕೆ ಬಹುಮಾನ ಬಳಸಿ ಹೆಸರು ಮಾಡಿದವರೇ. ಅದೇ ವಿದ್ಯೆಯನ್ನು ಅವರು ನಡಿಗೆಗೂ ತಂದರು. 2011ರಲ್ಲಿ ಹಾರ್ಡ್‌ಮನ್, ಹಾರ್ನ್, ಲೋ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಶಾಲೆಯ ಮಕ್ಕಳಿಗೆ ಹೆಜ್ಜೆ ಎಣಿಸುವ ಯಂತ್ರ, ದಿನದ ಗುರಿ, ಹುರಿದುಂಬಿಸುವ ಕಾಲ್ಪನಿಕ ನಾಯಕರ ಕಥೆ, ಜತೆಗೆ ಬಹುಮಾನ. ಎರಡನೇ ಶಾಲೆಗೆ ಎಲ್ಲವೂ ಅದೇ, ಬಹುಮಾನ ಮಾತ್ರ ಇಲ್ಲ. ಮೂರನೆಯದಕ್ಕೆ ಬರೀ ಯಂತ್ರ. ಆಟ ನಡೆಯುವಷ್ಟು ದಿನ ಬಹುಮಾನದ ಶಾಲೆಯೇ ಎಲ್ಲರಿಗಿಂತ ಮುಂದೆ. ಎಲ್ಲ ಮುಗಿದು ಹದಿನಾಲ್ಕು ವಾರದ ನಂತರ ಮತ್ತೆ ಎಣಿಸಿದಾಗ ಮುಂದಿದ್ದದ್ದು ಬಹುಮಾನವಿಲ್ಲದ ಶಾಲೆ!

2016ರ ಪೋಕೆಮಾನ್ ಗೋ ಹುಚ್ಚು ನಿಮಗೆಲ್ಲ ನೆನಪಿರಬಹುದು. ಇದು ಮಕ್ಕಳ ಲೆಕ್ಕವಲ್ಲ, ಅಮೆರಿಕದ ಯುವಕ ಯುವತಿಯರದು. ಆದರೂ ಹೇಳುತ್ತೇನೆ. ಆಟ ಹಾಕಿಕೊಂಡ ಮೊದಲ ವಾರ ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚಾಗಿತ್ತು. ಆರನೇ ವಾರಕ್ಕೆ ಎಲ್ಲ ಮೊದಲಿದ್ದಲ್ಲಿಗೆ ಬಂದಿತ್ತು.

ನನಗೆ ಇದರಲ್ಲಿ ಆಶ್ಚರ್ಯವಾಗಲಿಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ತಿಂಗಳಿಗೆ ಅತಿ ಹೆಚ್ಚು ಬಗ್ ಮುಚ್ಚಿದವರಿಗೆ ಗಿಫ್ಟ್ ವೋಚರ್ ಅಂತ ಮಾಡಿದ್ದರು. ಒಂದೇ ತಿಂಗಳಲ್ಲಿ ಒಂದೊಂದು ಬಗ್ಗೂ ಮೂರು ಮೂರು ಮರಿ ಹಾಕಿತು. ಮುಚ್ಚಿದ ಬಗ್ಗುಗಳ ಗ್ರಾಫ್ ಏರುತ್ತ ಹೋಯಿತು, ಸಾಫ್ಟ್‌ವೇರ್ ಇದ್ದಲ್ಲೇ ಇತ್ತು. ಅದೇ ಆಫೀಸಿನ ವಾಕಿಂಗ್ ಸ್ಪರ್ಧೆಯಲ್ಲಿ ಫೋನನ್ನು ಮಗುವಿನ ತೊಟ್ಟಿಲಿಗೆ ಕಟ್ಟಿ ಗೆದ್ದ ಪುಣ್ಯಾತ್ಮನೂ ಇದ್ದ. ಎಂಜಿನಿಯರಿಂಗ್ ಓದಿದ ನಾವೇ ಹೀಗೆ, ಇನ್ನು ಎಂಟು ವರ್ಷದ ಮಕ್ಕಳು ಪಿಕಾಚುವನ್ನು ಅಲ್ಲಾಡಿಸಿದರೆ ತಪ್ಪೇನು?

ಹಾಗಂತ ಬ್ಯಾಡ್ಜ್ ಪೂರ್ತಿ ಸುಳ್ಳು ಅನ್ನಲಾರೆ. ಎಂದೂ ನಡೆಯದ ಮಗುವನ್ನು ಮೊದಲ ದಿನ ಮನೆಯಿಂದ ಹೊರಡಿಸುವುದಕ್ಕೆ ಏನಾದರೂ ಒಂದು ನೆಪ ಬೇಕು. ಆ ನೆಪ ಬ್ಯಾಡ್ಜ್ ಆಗಬಹುದು. ಎರಡನೇ ತಿಂಗಳು ಆ ಮಗುವನ್ನು ದಾರಿಯಲ್ಲಿ ಉಳಿಸುವುದು ಯಾವುದು ಅನ್ನುವುದು ಬೇರೆ ಪ್ರಶ್ನೆ.

*

ಈ ಪ್ರಶ್ನೆಗೆ ಉತ್ತರ ಮತ್ತೆ ಜಪಾನಿನಲ್ಲೇ ಇದೆ. ತಮಾಷೆ ನೋಡಿ, ಹೆಜ್ಜೆಯ ಮೀಟರಿಗೆ ಜಗತ್ತಿನಾದ್ಯಂತ ಹೆಸರು ತಂದ ದೇಶದಲ್ಲಿ ಮಕ್ಕಳು ಶಾಲೆಗೆ ನಡೆಯುವುದಕ್ಕೂ ಆ ಮೀಟರಿಗೂ ಸಂಬಂಧವೇ ಇಲ್ಲ. ಅಲ್ಲಿನ ಪ್ರಾಥಮಿಕ ಶಾಲೆ ಮಕ್ಕಳಲ್ಲಿ ಹೆಚ್ಚಿನವರು ಇವತ್ತಿಗೂ ನಡೆದೇ ಹೋಗುತ್ತಾರೆ. ಬ್ಯಾಡ್ಜಿಗಲ್ಲ. ಶಾಲೆ ನಡೆಯುವಷ್ಟು ಹತ್ತಿರವಿದೆ. ಪ್ರಾಥಮಿಕ ಶಾಲೆ ಮನೆಯಿಂದ ಸುಮಾರು 4 ಕಿಲೋಮೀಟರ್ ಒಳಗಿರಬೇಕು ಅನ್ನುವುದು 1958ರ ಶಾಲಾ ಕಟ್ಟಡ ಅನುದಾನದ ಕಾನೂನಿನ ನಿಯಮಗಳಲ್ಲೇ ಬಂದ ಮಾನದಂಡ. ಊರುಗಳಲ್ಲಿ ಅದಕ್ಕಿಂತ ಬಹಳ ಹತ್ತಿರವೇ ಇರುತ್ತದೆ. ಪ್ರತಿ ಶಾಲೆಗೂ ಗೊತ್ತು ಮಾಡಿದ ನಡಿಗೆಯ ದಾರಿಗಳಿವೆ. ಅನೇಕ ಕಡೆ ಅಕ್ಕಪಕ್ಕದ ಮನೆಯ ಮಕ್ಕಳು ಗುಂಪಾಗಿ ಹೊರಡುತ್ತಾರೆ, ಆರನೇ ತರಗತಿಯ ಹುಡುಗನೋ ಹುಡುಗಿಯೋ ಮುಂದಾಳು, ಒಂದನೇ ತರಗತಿಯ ಚಿಕ್ಕವರು ಹಳದಿ ಟೋಪಿ ಹಾಕಿಕೊಂಡು ಮಧ್ಯೆ.

ಇದು ಅವರ ರಕ್ತದಲ್ಲೇ ಬಂದ ಸಂಸ್ಕೃತಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1960ರ ದಶಕದಲ್ಲಿ ಜಪಾನಿನ ರಸ್ತೆಗಳು ಎಷ್ಟು ಭಯಂಕರವಾಗಿದ್ದವೆಂದರೆ ಪತ್ರಿಕೆಗಳು ಅದನ್ನು 'ಸಂಚಾರ ಯುದ್ಧ' ಅಂತಲೇ ಕರೆಯುತ್ತಿದ್ದವು. 1970ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 16,765. ಅಲ್ಲಿಂದ ಕಾಲುದಾರಿ, ಸಿಗ್ನಲ್, ಶಾಲೆಯ ಸುತ್ತ ವಾಹನ ನಿರ್ಬಂಧ, ಹೀಗೆ ಒಂದೊಂದಾಗಿ ಮಾಡುತ್ತ ಬಂದರು. 2022ರಲ್ಲಿ ಆ ಸಂಖ್ಯೆ 2,610. ಟೋಕಿಯೋದಲ್ಲಿ 1959ರಲ್ಲೇ ಶಾಲೆಯ ದಾರಿಯ ಅಡ್ಡರಸ್ತೆಗಳಲ್ಲಿ ಬಾವುಟ ಹಿಡಿದು ನಿಂತು ಮಕ್ಕಳನ್ನು ದಾಟಿಸುವ ಹೆಂಗಸರನ್ನು ನೇಮಿಸಿದರು. 'ಹಸಿರು ಚಿಕ್ಕಮ್ಮ' ಅಂತ ಅವರ ಹೆಸರು. ಗಂಡನನ್ನು ಕಳಕೊಂಡ ಹೆಂಗಸರಿಗೆ ಒಂದು ಕೆಲಸವಾಗಲಿ ಅನ್ನುವುದೂ ಅದರ ಹಿಂದಿನ ಉದ್ದೇಶವಾಗಿತ್ತು.

ಅಲ್ಲೂ ದುರಂತ ಆಗುತ್ತದೆ. 2012ರ ಏಪ್ರಿಲ್‌ನಲ್ಲಿ ಕ್ಯೋಟೊ ಪ್ರಾಂತ್ಯದ ಕಾಮೆಓಕದಲ್ಲಿ ಶಾಲೆಗೆ ಸಾಲಾಗಿ ಹೋಗುತ್ತಿದ್ದ ಮಕ್ಕಳ ಮೇಲೆ ಕಾರೊಂದು ನುಗ್ಗಿತು. ಆಮೇಲೆ ನಡೆದದ್ದನ್ನು ಗಮನಿಸಿ. ಇನ್ನು ಮಕ್ಕಳನ್ನು ನಡೆಸಬೇಡಿ, ಕಾರಲ್ಲಿ ಬಿಡಿ ಅನ್ನಲಿಲ್ಲ. ದೇಶದ ಎಲ್ಲ ಕಡೆ ಶಾಲೆಯವರು, ಪೊಲೀಸರು, ರಸ್ತೆ ಇಲಾಖೆಯವರು ಒಟ್ಟಿಗೆ ಮಕ್ಕಳ ದಾರಿಯನ್ನು ಪರಿಶೀಲಿಸಿದರು. ಸರಿಪಡಿಸಬೇಕಾದ ಅಪಾಯದ ಜಾಗಗಳನ್ನು ಎಣಿಸಿದರು. ಸಿಕ್ಕಿದ್ದು ಸುಮಾರು 74 ಸಾವಿರ. 2021ರಲ್ಲಿ ಚಿಬಾ ಪ್ರಾಂತ್ಯದ ಯಾಚಿಮಾತದಲ್ಲಿ ಲಾರಿಯೊಂದು ಶಾಲೆಯಿಂದ ಬರುತ್ತಿದ್ದ ಮಕ್ಕಳಿಗೆ ಗುದ್ದಿದಾಗ ಮತ್ತೆ ಎಣಿಸಿದರು. ಮತ್ತೆ ಸುಮಾರು 76 ಸಾವಿರ.

ಇದನ್ನು ಓದಿದಾಗ ನನಗೆ ನೈನ್ ಸಿಂಗರ ಜಪಮಾಲೆ ನೆನಪಾಯಿತು. ಇದೂ ಎಣಿಕೆಯೇ. ಆದರೆ ಇಲ್ಲಿ ಎಣಿಸಿದ್ದು ಮಗುವನ್ನಲ್ಲ, ದಾರಿಯನ್ನು. ಮಗುವಿನ ಹೆಜ್ಜೆ ಎಣಿಸಿದರೆ ಲೆಕ್ಕ ಕಡಿಮೆ ಬಂದಾಗ ತಪ್ಪು ಮಗುವಿನದಾಗುತ್ತದೆ. ದಾರಿಯ ಗುಂಡಿ ಎಣಿಸಿದರೆ ತಪ್ಪು ಯಾರದು ಅಂತ ನೇರವಾಗಿ ಗೊತ್ತಾಗುತ್ತದೆ, ಅದನ್ನು ಸರಿಮಾಡಬೇಕಾದವರ ಹೆಸರೂ ಸಿಗುತ್ತದೆ. ಡೆನ್ಮಾರ್ಕಿನ ಓಡೆನ್ಸೆ ಊರಿನವರು 1970ರ ದಶಕದ ಕೊನೆಯಿಂದಲೇ ಈ ಕೆಲಸಕ್ಕೆ ಹೊರಟಿದ್ದರು. ಮಕ್ಕಳಿಗೆ ಎಲ್ಲೆಲ್ಲಿ ಅಪಾಯ ಅಂತ ತಿಳಿದು, ಅಲ್ಲಲ್ಲಿ ವಾಹನದ ವೇಗ ಇಳಿಸಿ, ಸೈಕಲ್ ದಾರಿ ಮಾಡಿದರು. 2005ರಲ್ಲಿ ಅಮೆರಿಕ ಸರಕಾರ ಶಾಲೆಯ ಸುರಕ್ಷಿತ ದಾರಿಗಳಿಗೆ ಅಂತ 61.2 ಕೋಟಿ ಡಾಲರ್ ಎತ್ತಿಟ್ಟಿತಲ್ಲ, ಆ ಯೋಜನೆಯ ತಾಯಿಬೇರು ಇಲ್ಲಿದೆ.

ಎಣಿಕೆಯೇ ಇಲ್ಲದ ಒಂದು ಉದಾಹರಣೆಯೂ ಇದೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ 2012ರಲ್ಲಿ ಎಲೇನ್ ವೈಲಿ ಅನ್ನುವ ಮುಖ್ಯೋಪಾಧ್ಯಾಯಿನಿ ತಮ್ಮ ಶಾಲೆಯ ಮಕ್ಕಳನ್ನೆಲ್ಲ ದಿನಕ್ಕೆ ಹದಿನೈದು ನಿಮಿಷ ಹೊರಗೆ ಬಿಟ್ಟರು. ಓಡಿ, ನಡೆಯಿರಿ, ಮಾತಾಡಿಕೊಂಡು ಹೋಗಿ, ನಿಮ್ಮಿಷ್ಟ. ಯೂನಿಫಾರ್ಮ್ ಬದಲಿಸುವುದು ಬೇಡ, ಯಾರು ಮೊದಲು ಅಂತಿಲ್ಲ, ಬಹುಮಾನ ಇಲ್ಲ. 'ಡೈಲಿ ಮೈಲ್' ಅಂತ ಅದೀಗ ಹಲವು ದೇಶಗಳ ಶಾಲೆಗಳಲ್ಲಿ ನಡೆಯುತ್ತಿದೆ. ಗೆಳೆಯರ ಜತೆ ಹರಟೆ ಹೊಡೆಯಲು ಹದಿನೈದು ನಿಮಿಷ ಸಿಗುವುದೇ ಬಹುಮಾನ ಅಂತ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

*

ನಮ್ಮ ಕಡೆ ಇತಿಹಾಸ ತಿರುಗುಮುರುಗು. ಇಲ್ಲಿ ಸಮಸ್ಯೆ ಮಕ್ಕಳು ನಡೆಯದಿರುವುದಲ್ಲ, ಬಹಳ ನಡೆಯಬೇಕಾಗಿರುವುದು ಆಗಿತ್ತು. ಹೈಸ್ಕೂಲು ದೂರವಾದರೆ ಮೊದಲು ಶಾಲೆ ಬಿಡುವುದು ಹೆಣ್ಣುಮಕ್ಕಳು. ಅದಕ್ಕೇ 2006-07ರಲ್ಲಿ ಕರ್ನಾಟಕ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿತು. ಅಂದರೆ ಬ್ರಿಟನ್ನಿನಲ್ಲಿ ನಡೆದಿದ್ದಕ್ಕೆ ಬ್ಯಾಡ್ಜ್ ಕೊಡುತ್ತಿದ್ದ ಅದೇ ಕಾಲದಲ್ಲಿ ನಾವು ನಡೆಯುವುದು ತಪ್ಪಲಿ ಅಂತ ಸೈಕಲ್ ಕೊಡುತ್ತಿದ್ದೆವು. ಎರಡೂ ಸರಿಯೇ, ಎರಡು ಬೇರೆ ಕಾಯಿಲೆಗೆ ಬೇರೆ ಔಷಧ.

ಮಲೆನಾಡು, ಕರಾವಳಿಯ ಗೆಳೆಯರಿಗೆ ಕಾಲುಸಂಕದ ಬಗ್ಗೆ ನಾನು ಹೇಳಬೇಕಾಗಿಲ್ಲ. ಹಳ್ಳದ ಮೇಲೆ ಅಡಕೆ ಮರದ ದಬ್ಬೆ ಹಾಸಿದ ಸಂಕ, ಮಳೆಗಾಲದಲ್ಲಿ ಕೆಳಗೆ ಕೆಂಪು ನೀರು, ಬೆನ್ನಮೇಲೆ ಪುಸ್ತಕದ ಚೀಲ. ಜಾರಿ ಹೋದ ಮಕ್ಕಳ ಸುದ್ದಿ ಪ್ರತಿ ಮಳೆಗಾಲದಲ್ಲೂ ಬರುತ್ತಿತ್ತು. 2018ರ ಆಸುಪಾಸಿನಲ್ಲಿ ರಾಜ್ಯ ಸರಕಾರ 'ಶಾಲಾ ಸಂಪರ್ಕ ಸೇತು' ಅಂತ ಇಂಥ ಕಡೆ ಕಾಂಕ್ರೀಟಿನ ಸಣ್ಣ ಸೇತುವೆ ಕಟ್ಟುವ ಯೋಜನೆ ತಂದಿತು. ಎಲ್ಲ ಹಳ್ಳಕ್ಕೂ ಸೇತುವೆ ಬಂದಿಲ್ಲ, ಆ ಮಾತು ಬೇರೆ. ಆದರೆ ಅಲ್ಲಿಯೂ ಮೊದಲು ಬೇಕಿದ್ದದ್ದು ಪಟ್ಟಿ: ಎಲ್ಲೆಲ್ಲಿ ಎಷ್ಟು ಸಂಕ, ಎಷ್ಟು ಮಕ್ಕಳು ದಾಟುತ್ತಾರೆ ಅಂತ.

ಬೆಂಗಳೂರಿನಂಥ ಊರಿನಲ್ಲಿ ಈಗ ಎರಡೂ ಕಾಯಿಲೆ ಒಟ್ಟಿಗೇ ಇದೆ. ಒಂದು ಕಿಲೋಮೀಟರ್ ದೂರದ ಶಾಲೆಗೆ ಕಾರಿನಲ್ಲಿ ಹೋಗುವ ಮಗು ಇದೆ, ಅದೇ ರಸ್ತೆಯಲ್ಲಿ ಫುಟ್‌ಪಾತ್ ಇಲ್ಲದೆ ಚರಂಡಿಯ ಅಂಚಿನಲ್ಲಿ ನಡೆದು ಸರಕಾರಿ ಶಾಲೆಗೆ ಹೋಗುವ ಮಗುವೂ ಇದೆ. ಮೊದಲ ಮಗುವಿನ ಕೈಗೆ ಸ್ಟೆಪ್ ಎಣಿಸುವ ವಾಚು ಕಟ್ಟಿ 'ಚಾಲೆಂಜ್' ಕೊಡುವ ಶಾಲೆಗಳು ಬರುತ್ತಿವೆ. ಅವರೊಂದು ಕೆಲಸ ಮಾಡಬಹುದು. ಅದೇ ಮಕ್ಕಳ ಕೈಗೆ ಒಂದು ನಕ್ಷೆ ಕೊಟ್ಟು, ಮನೆಯಿಂದ ಶಾಲೆಯವರೆಗೆ ಎಲ್ಲಿ ಹೆದರಿಕೆಯಾಗುತ್ತದೆ, ಎಲ್ಲಿ ಕಲ್ಲು ಎದ್ದಿದೆ, ಎಲ್ಲಿ ದಾಟಲಾಗುವುದಿಲ್ಲ, ಗುರುತು ಹಾಕಿ ಅನ್ನಬಹುದು. ಆ ನಕ್ಷೆಯನ್ನು ತೆಗೆದುಕೊಂಡು ಹೋಗಿ ವಾರ್ಡಿನ ಎಂಜಿನಿಯರ್ ಮೇಜಿನ ಮೇಲೆ ಇಡುವುದು ದೊಡ್ಡವರ ಕೆಲಸ. ಆಗ ಎರಡೂ ಮಕ್ಕಳಿಗೂ ದಾರಿಯಾಗುತ್ತದೆ.

ಬರೆಯುತ್ತ ಹೋದಂತೆ ಒಂದು ಕುತೂಹಲ ಹುಟ್ಟಿದೆ. ನೀವು ಶಾಲೆಗೆ ನಡೆದು ಹೋಗುತ್ತಿದ್ದ ದಾರಿ ಇವತ್ತು ಹೇಗಿದೆ? ಈಗಿನ ಒಂದು ಮಗು ಅದೇ ದಾರಿಯಲ್ಲಿ ಒಂಟಿಯಾಗಿ ಹೋಗಬಹುದಾ? ಊರಿಗೆ ಹೋದಾಗ ಒಂದು ಸಲ ನಡೆದು ನೋಡಿ ಬಂದು ಬರೆಯಿರಿ. ಹೆಜ್ಜೆ ಎಣಿಸಬೇಡಿ, ದಾರಿ ನೋಡಿ.